ಸೇನೆ, ಪೊಲೀಸ್ ಸೇವೆಯ ನಂತರ ವಕೀಲ ವೃತ್ತಿ: ನಿಯಮಗಳೇನು, ಅನುಭವ ಎಷ್ಟು ನೆರವಾಗುತ್ತದೆ?

ಪ್ರಶ್ನೆ: ಮಾಜಿ ಹವಾಲ್ದಾರ್, ಹಾಸನ

ಮಾನ್ಯರೇ, ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಮಾಜಿ ಸೈನಿಕರ ಮೀಸಲಾತಿಯಲ್ಲಿ ಪೊಲೀಸ್ ಇಲಾಖೆ ಸೇರಿ, ಸದ್ಯ ಠಾಣೆಯಲ್ಲಿ ಬರಹಗಾರನ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಪಿ.ಯು.ಸಿ. ನಂತರ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದೇನೆ, ವಯಸ್ಸು ನಲವತ್ತು ದಾಟಿದೆ. ನೌಕರಿಯಲ್ಲಿದ್ದುಕೊಂಡೇ ಮೂರು ವರ್ಷದ ಎಲ್‌ಎಲ್.ಬಿ. ಓದಬಹುದೇ? ಸೇನೆಯ ಪಿಂಚಣಿ ಬರುತ್ತಿರುವುದು ಸನ್ನದು (ವಕೀಲಿಕೆಯ ಪರವಾನಗಿ) ಪಡೆಯಲು ಅಡ್ಡಿಯಾದೀತೇ? ತಿಳಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ 1: ವಕೀಲರು, ಮೈಸೂರು

ವಯಸ್ಸಿನ ಚಿಂತೆ ಬಿಡಿ. ಮೂರು ವರ್ಷದ ಕೋರ್ಸಿಗೆ 30 ವರ್ಷದ ಮಿತಿಯನ್ನು ಮತ್ತೆ ಜಾರಿಗೆ ತರಲು ಹೊರಟ ಭಾರತೀಯ ವಕೀಲರ ಪರಿಷತ್ತಿನ ಸುತ್ತೋಲೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿದೆ. ಪಿ.ಯು.ಸಿ. ಮುಗಿಸಿಯೇ ಪದವಿ ಪಡೆದಿರುವುದರಿಂದ ದೂರಶಿಕ್ಷಣದ ಬಿ.ಎ. ಕೂಡ ತೊಡಕಾಗದು; ಸಾಮಾನ್ಯ ವರ್ಗದವರಾದರೆ ಶೇ. 45 ಅಂಕ ಇರಬೇಕು.

ನಿಜವಾದ ತೊಡಕು ಹಾಜರಾತಿಯದು. ಪ್ರತಿ ವಿಷಯದಲ್ಲಿ ಶೇ. 70 ಹಾಜರಾತಿ ಕಡ್ಡಾಯವಾಗಿದ್ದು, 2024ರ ಸೆಪ್ಟೆಂಬರಿನ ಸುತ್ತೋಲೆಯ ಪ್ರಕಾರ ವಿದ್ಯಾರ್ಥಿಯು ತನ್ನ ಉದ್ಯೋಗದ ವಿವರವನ್ನೂ ಘೋಷಿಸಬೇಕಾಗುತ್ತದೆ. ಬಂದೋಬಸ್ತ್, ರಾತ್ರಿ ಪಾಳಿ ಇರುವ ಇಲಾಖೆಯಲ್ಲಿದ್ದು, ಅನುಮತಿಯಾಗಲಿ ರಜೆಯಾಗಲಿ ಇಲ್ಲದೆ ಇದನ್ನು ಪೂರೈಸುತ್ತೇನೆನ್ನುವುದು ನನ್ನ ಮಟ್ಟಿಗೆ ನಂಬುವ ಮಾತಲ್ಲ. ಪೂರ್ಣಾವಧಿ ಸಂಬಳದ ನೌಕರ ವಕೀಲನಾಗಿ ವೃತ್ತಿ ನಡೆಸುವಂತಿಲ್ಲವಾದ್ದರಿಂದ ಸನ್ನದಿಗೆ ಮೊದಲು ರಾಜೀನಾಮೆ ಅಥವಾ ನಿವೃತ್ತಿ ಅನಿವಾರ್ಯ. ಪಿಂಚಣಿ ಸಂಬಳವಲ್ಲ, ಅದರಿಂದ ಅಡ್ಡಿಯಿಲ್ಲ. ನೋಂದಣಿಯ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಉತ್ತರ 2: ನಿವೃತ್ತ ಪಿ.ಎಸ್.ಐ., ಈಗ ವಕೀಲ

ಬರಹಗಾರನ ಮೇಜಿನ ಮುಂದೆ ಕುಳಿತವನಿಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡದ ಒಂದು ವಿದ್ಯೆ ಬಂದಿರುತ್ತದೆ: ಕಾಗದ ಹೇಗೆ ಹುಟ್ಟುತ್ತದೆ ಎಂಬುದು. ಘಟನೆ ನಡೆದ ವೇಳೆ, ದೂರು ದಾಖಲಾದ ವೇಳೆ, ಮೊದಲ ಪುಟದ ಅಂಚಿನಲ್ಲಿ ಮ್ಯಾಜಿಸ್ಟ್ರೇಟರು ಎಫ್.ಐ.ಆರ್. ತಮ್ಮ ಕೈ ಸೇರಿತೆಂದು ಬರೆದ ವೇಳೆ, ಇವು ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎಷ್ಟೋ ಪಾಟೀಸವಾಲುಗಳ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ತೋಟದಲ್ಲಿ ನಡೆಯಿತೆಂದು ಬರೆದ ಮಹಜರಿಗೆ ಪಂಚರು (ಮಹಜರಿನ ಸಾಕ್ಷಿಗಳು) ಠಾಣೆಯಲ್ಲೇ ಸಹಿ ಹಾಕಿದ್ದರೆ ಆ ಬರವಣಿಗೆಯ ಓಟದಲ್ಲೇ ನಿಮಗೆ ಅನುಮಾನ ಮೂಡುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯ ವಿಡಿಯೋ ಚಿತ್ರೀಕರಣವನ್ನು ಕಡ್ಡಾಯ ಮಾಡಿರುವುದರಿಂದ, ಕಾಗದಕ್ಕೂ ಚಿತ್ರಕ್ಕೂ ತಾಳೆ ನೋಡಬಲ್ಲವರ ಬೆಲೆ ಇನ್ನೂ ಹೆಚ್ಚಲಿದೆ.

ಆದರೆ ಕಳಚಿಡಬೇಕಾದದ್ದೂ ಇದೆ. ಆರೋಪಿಯನ್ನು ಕಂಡೊಡನೆ ಇವನೇ ಮಾಡಿರಬೇಕೆಂದುಕೊಳ್ಳುವ ಠಾಣೆಯ ಅಭ್ಯಾಸ ಕಪ್ಪು ಕೋಟು ಹಾಕಿದ ಮಾತ್ರಕ್ಕೆ ಹೋಗುವುದಿಲ್ಲ. ಕಕ್ಷಿದಾರ ನಂಬಿ ಹೇಳಿದ ಗುಟ್ಟನ್ನು ಹಳೆಯ ಸಹೋದ್ಯೋಗಿಗಳೊಡನೆ ಚಹಾ ಕುಡಿಯುವಾಗಲೂ ಬಾಯಿಬಿಡದಂತೆ ಕಾಯಬೇಕು. ಹಿರಿಯ ವಕೀಲರ ಕಚೇರಿಯಲ್ಲಿ, ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರ ಕೈಕೆಳಗೆ ಕೆಲಸ ಮಾಡುವ ತಾಳ್ಮೆಯೂ ಬೇಕು; ಅದು ಸೈನಿಕನಿಗೆ ಹೊಸದಾಗಿರಲಿಕ್ಕಿಲ್ಲ.

ಉತ್ತರ 3: ನಿವೃತ್ತ ಸುಬೇದಾರ್, ಮಡಿಕೇರಿ

ಕ್ರಿಮಿನಲ್ ಪ್ರಕರಣಗಳಷ್ಟನ್ನೇ ನೆನೆಯಬೇಡಿ. 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂದೆ ಅಂಗವೈಕಲ್ಯ ಪಿಂಚಣಿಯ ಮೊಕದ್ದಮೆಗಳು ಬರುತ್ತಲೇ ಇರುತ್ತವೆ. ಭರ್ತಿಯ ವೇಳೆ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ, ಅದು ಸೇವೆಯಿಂದಲೇ ಬಂದದ್ದೆಂದು ಸಾಬೀತುಪಡಿಸುವ ಹೊಣೆ ಸೈನಿಕನದ್ದಲ್ಲ ಎಂದು ಧರಂವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಮೆಡಿಕಲ್ ಬೋರ್ಡಿನ ಕಾಗದದಲ್ಲಿ ಏನು ಬರೆದಿದೆ ಎಂದು ಬಿಡಿಸಿ ಹೇಳುವವರಿಲ್ಲದೆ ನಮ್ಮ ಕಡೆಯ ಎಷ್ಟೋ ಜವಾನರು ಸುಮ್ಮನಾಗುತ್ತಾರೆ. ಆ ಕಾಗದದ ಭಾಷೆ ನಿಮಗೆ ಗೊತ್ತಿದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ: ನಾನೇ ಬರೆದ ಮಹಜರಿರುವ ಪ್ರಕರಣದಲ್ಲಿ ಮುಂದೆ ವಕಾಲತ್ತು ವಹಿಸಬಹುದೇ?

ಉತ್ತರ 1ರ ವಕೀಲರು:

ಬೇಡ. ತಾನು ಸಾಕ್ಷಿಯಾಗುವ ಸಂಭವವಿರುವ ಪ್ರಕರಣವನ್ನು ವಕೀಲ ಒಪ್ಪಿಕೊಳ್ಳಬಾರದೆಂದು ಪರಿಷತ್ತಿನ ನಡವಳಿಕೆ ನಿಯಮವೇ ಹೇಳುತ್ತದೆ. ಆರಂಭದಲ್ಲಿ ನೀವು ದುಡಿದ ಠಾಣೆಯ ಪ್ರಕರಣಗಳನ್ನೇ ದೂರವಿಟ್ಟು, ಪಕ್ಕದ ತಾಲ್ಲೂಕಿನ ನ್ಯಾಯಾಲಯದಲ್ಲಿ ವೃತ್ತಿ ಶುರು ಮಾಡುವುದು ಒಳ್ಳೆಯದು.