ಪದ ಬೇಕು: ಬರೆಯದವನ ಹೆಸರು ಹೊತ್ತ ‘ಕ್ರಾನಿಕಲ್’ಗೆ ಏನನ್ನೋಣ?

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆಯೊಳಗೆ ಒಂದು ಪದ ಬೇಕು. ಇಲ್ಲಿಯ ಹಳೇ ಎಸ್ಟೇಟ್ ಬಂಗಲೆಯ ಪುಸ್ತಕಗಳನ್ನು ಭಾನುವಾರ ಜನರ ನೋಟಕ್ಕೆ ಇಡುತ್ತಿದ್ದಾರೆ. ಗಾಜಿನ ಪೆಟ್ಟಿಗೆಯ ಚೀಟಿಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಒಂದರಲ್ಲಿ ಸಿಕ್ಕಿಬಿದ್ದಿದ್ದೇನೆ. ಲಂಡನ್ನಿನ ಪ್ರಕಾಶಕ ಬೋನ್ 1853ರಲ್ಲಿ ‘ಆಂಟಿಕ್ವೇರಿಯನ್ ಲೈಬ್ರರಿ’ ಮಾಲೆಯಲ್ಲಿ ತಂದ ‘ಫ್ಲವರ್ಸ್ ಆಫ್ ಹಿಸ್ಟರಿ’, ಎರಡು ಸಂಪುಟ. ಸೃಷ್ಟಿಯಿಂದ 1307ರವರೆಗಿನ ಸಂಗತಿಗಳನ್ನು ವರ್ಷವಾರು ಬರೆದ ಲ್ಯಾಟಿನ್ ಗ್ರಂಥದ ಇಂಗ್ಲಿಷ್ ಅನುವಾದ. ಮುಖಪುಟದಲ್ಲಿ ‘ವೆಸ್ಟ್‌ಮಿನ್‌ಸ್ಟರಿನ ಮ್ಯಾಥ್ಯೂ’ ಎಂದಿದೆ. ಅಂಥ ಮನುಷ್ಯನೇ ಇರಲಿಲ್ಲವಂತೆ! ಇಂಗ್ಲಿಷ್ ಚೀಟಿಯಲ್ಲಿರುವುದು ‘ಮಿಸ್‌ಅಟ್ರಿಬ್ಯೂಟೆಡ್ ಕ್ರಾನಿಕಲ್, ಅಪರೂಪದ ಮುದ್ರಣ’. ನಾನು ‘ತಪ್ಪಾಗಿ ಆರೋಪಿಸಲಾದ ಚರಿತ್ರೆ’ ಎಂದು ಬರೆದೆ. ನಮ್ಮನೆಯವರು ಓದಿ, “ಯಾವ ಸ್ಟೇಷನ್ನಿನಲ್ಲಿ ಕೇಸು?” ಅಂದರು.

ಹಾಸನದಿಂದ:

‘ಆರೋಪ’ದ ತಪ್ಪಿಲ್ಲ, ಕೆಡಿಸಿದ್ದು ಪತ್ರಿಕೆಯವರು. ಅಲಂಕಾರಶಾಸ್ತ್ರದಲ್ಲಿ ರೂಪಕ ನಿಂತಿರುವುದೇ ಆರೋಪದ ಮೇಲೆ. ‘ಆರೋಪಿತಕರ್ತೃಕ’ ಎಂದು ಬರೆಯಿರಿ, ಮುಗಿಯಿತು. ಕ್ರಾನಿಕಲ್‌ಗೆ ‘ಬಖರು’ ಇದೆ. ಅರಬ್ಬಿಯ ‘ಖಬರ್’ ಅಕ್ಷರ ಪಲ್ಲಟವಾಗಿ ‘ಬಖರ್’ ಆಯಿತು, ಮರಾಠಿಯ ಮೂಲಕ ನಮಗೆ ಬಂತು. ಧಾರವಾಡದ ಕಡೆಯವರ ‘ಖಬರಿಲ್ಲ’ವೂ ಅದೇ. ಈ ಪಲ್ಲಟದ ಬಗ್ಗೆ ಇಲ್ಲೇ ಮೂರು ಸಲ ಬರೆದಿದ್ದೇನೆ, ಯಾರೂ ಓದಿದಂತಿಲ್ಲ.

ಸಕಲೇಶಪುರದಿಂದ:

ಅರಬ್ಬಿ ಬಂತು, ಮರಾಟಿ ಬಂತು, ಸಂಸ್ಕ್ರುತ ಬಂತು. ಕನ್ನಡ ಎಲ್ಲಿ? ‘ಹುಸಿಹೆಸರಿನ ಹಳಮೆಹೊತ್ತಗೆ’ ಅನ್ನಿ. ಹಳಮೆ ಎಂದರೆ ಹಳೆಯ ಕಾಲದ ಸಂಗತಿ. ಹಲ್ಮಿಡಿ ಇರುವ ಜಿಲ್ಲೆಯಲ್ಲಿ ಕೂತು ಎರವಲಿಗೆ ಕಯ್ ಚಾಚಲು ನಾಚಿಕೆಯಾಗಬೇಕು.

ಹಾಸನದಿಂದ:

‘ಹೊತ್ತಗೆ’ ನಿಮ್ಮದೇ ‘ಪುಸ್ತಕ’ದ ತದ್ಭವ. ‘ಜಿಲ್ಲೆ’ ಅರಬ್ಬಿ. ಹಲ್ಮಿಡಿ ಶಾಸನ ಶುರುವಾಗುವುದೇ ‘ಜಯತಿ ಶ್ರೀ’ ಎಂಬ ಸಂಸ್ಕೃತ ಶ್ಲೋಕದಿಂದ. ಇನ್ನೇನಾದರೂ ಇದೆಯೇ?

ಸಕಲೇಶಪುರದಿಂದ:

ಇದೆ. ತದ್ಬವ ಎಂದರೆ ನಾವು ಅರಗಿಸಿಕೊಂಡದ್ದು. ನಿಮ್ಮ ಬಖರನ್ನು ಅರಗಿಸಿಕೊಂಡವರು ಯಾರು? ಚೀಟಿಯಲ್ಲಿ ಹಾಕಿ ನೋಡಿ, ಜನ ‘ಬಕರಾ’ ಎಂದೇ ಓದುತ್ತಾರೆ.

ಅರಸೀಕೆರೆಯಿಂದ:

ಜಗಳದ ನಡುವೆ ಬಾಯಿ ಹಾಕುತ್ತಿದ್ದೇನೆ. ಮೇಡಂ, ಮೊದಲು ಆ ‘ಅಪರೂಪದ ಮುದ್ರಣ’ ತೆಗೆಯಿರಿ. ಅಪರೂಪದ್ದು ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ 1567ರಲ್ಲಿ, ಮತ್ತೆ 1570ರಲ್ಲಿ ಅಚ್ಚು ಹಾಕಿಸಿದ ಲ್ಯಾಟಿನ್ ಪ್ರತಿ. ಬೋನ್ ಪುಸ್ತಕಗಳು ಸಾಮಾನ್ಯ ಓದುಗರ ಕೈಗೆ ಎಟುಕಲಿ ಎಂದು ತಂದವು.

ಹೆಸರಿನ ಕಥೆ ಇಷ್ಟು. ಸೇಂಟ್ ಆಲ್ಬನ್ಸ್ ಮಠದಲ್ಲಿ 1265ರವರೆಗೆ ಬರೆದ ಹಸ್ತಪ್ರತಿ ವೆಸ್ಟ್‌ಮಿನ್‌ಸ್ಟರಿಗೆ ಹೋಯಿತು, ಮುಂದಿನದನ್ನು ಅಲ್ಲಿಯ ಸನ್ಯಾಸಿಗಳು ಸೇರಿಸಿದರು. ಸೇಂಟ್ ಆಲ್ಬನ್ಸಿನ ಮ್ಯಾಥ್ಯೂ ಪ್ಯಾರಿಸ್‌ನ ಹೆಸರು, ವೆಸ್ಟ್‌ಮಿನ್‌ಸ್ಟರಿನ ಊರು, ಎರಡೂ ಕೂಡಿ ಇಲ್ಲದ ಒಬ್ಬ ಹುಟ್ಟಿಕೊಂಡ. 1890ರಲ್ಲಿ ಲ್ಯೂಅರ್ಡ್ ಎಂಬ ವಿದ್ವಾಂಸ ಮೂಲವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿದಾಗ ಅವನಿಗೆ ಜಾಗ ಸಿಗಲಿಲ್ಲ.

ಆದ್ದರಿಂದ ‘ಹುಸಿ’ ಬೇಡ, ಓದುವವರು ಪುಸ್ತಕವೇ ಹುಸಿ ಅಂದುಕೊಂಡಾರು. ವಚನ ಸಂಪಾದಕರ ‘ಖೊಟ್ಟಿ’ಯೂ ಬೇಡ, ಅಲ್ಲಿ ವಚನವೇ ಆಮೇಲೆ ಕಟ್ಟಿದ್ದು. ಇಲ್ಲಿ ಬರಹ ಸಾಚಾ, ಹೆಸರು ಮಾತ್ರ ಸುಳ್ಳು. ನಮ್ಮಲ್ಲಿ ಇದಕ್ಕೆ ಹತ್ತಿರ ಬರುವುದು ಕವಿರಾಜಮಾರ್ಗ. 1898ರಲ್ಲಿ ಕೆ.ಬಿ. ಪಾಠಕರು ಅಚ್ಚು ಹಾಕಿಸಿದಾಗ ಅದು ನೃಪತುಂಗನದು. ‘ನೃಪತುಂಗದೇವಾನುಮತ’ದ ‘ಅನುಮತ’ವನ್ನು, ಅಂದರೆ ಅವನು ಒಪ್ಪಿದ್ದು ಎಂಬ ಮಾತನ್ನು, ತೂಗಿ ನೋಡಿದವರು ಅವನ ಆಸ್ಥಾನದ ಕವಿ ಶ್ರೀವಿಜಯನ ಕಡೆ ವಾಲಿದರು. ನಮ್ಮ ಮೇಷ್ಟ್ರು ಇದನ್ನು ಪಾಠ ಮಾಡುವಾಗ ಆರೋಪವನ್ನೂ ತರುತ್ತಿರಲಿಲ್ಲ, ಹುಸಿಯನ್ನೂ ತರುತ್ತಿರಲಿಲ್ಲ. “ನೃಪತುಂಗನ ಹೆಸರಿಗೆ ಹಚ್ಚಿದರು ಕಣ್ರಯ್ಯ” ಅನ್ನುತ್ತಿದ್ದರು. ಅದನ್ನೇ ಬಳಸಿ.

ಹಾಸನದಿಂದ:

‘ಹಚ್ಚು’ವುದು ಗೋಡೆಗೆ ಸುಣ್ಣವನ್ನು. ಗ್ರಂಥಕ್ಕೆ ಕರ್ತೃವನ್ನಲ್ಲ.

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ಉಪಕಾರವಾಯಿತು. ಹಾಸನದ ಮೇಷ್ಟ್ರೇ, ಬೇಸರ ಬೇಡ. ‘ಆರೋಪಿತಕರ್ತೃಕ’ ಕಳಿಸಿಯೂ ನೋಡಿದೆ. ಅಂಗಡಿಯ ಹುಡುಗ ಎರಡು ಸಲವೂ ‘ಕತೃಕ’ ಎಂದೇ ಟೈಪ್ ಮಾಡಿದ. ಬಖರು ಅಂದರೆ ನನ್ನ ಕಣ್ಣಿಗೆ ಮರಾಠರ ಕುದುರೆ, ಕೋಟೆ ಬರುತ್ತವೆ, ಈ ಸನ್ಯಾಸಿಗಳಿಗೆ ಒಗ್ಗುವುದಿಲ್ಲ. ‘ಹಳಮೆ’ ಬರೆದರೆ ಪಕ್ಕದಲ್ಲಿ ನಾನೇ ನಿಂತು ಅರ್ಥ ಹೇಳಬೇಕು. ಕೊನೆಗೆ ಹೋದದ್ದು ಇದು:

‘ಇತಿಹಾಸದ ಹೂಗಳು. ಇಂಗ್ಲೆಂಡಿನ ಮಠಗಳಲ್ಲಿ ಹಲವರು ಬರೆದು, ವೆಸ್ಟ್‌ಮಿನ್‌ಸ್ಟರಿನ ಮ್ಯಾಥ್ಯೂ ಎಂಬ ಇಲ್ಲದ ಸನ್ಯಾಸಿಯ ಹೆಸರಿಗೆ ಹಚ್ಚಿದ ವರ್ಷವಾರು ವೃತ್ತಾಂತ. ಇಂಗ್ಲಿಷ್ ಅನುವಾದ, ಲಂಡನ್, 1853.’

ಸಕಲೇಶಪುರದಿಂದ:

‘ವ್ರುತ್ತಾಂತ’ವನ್ನು ಹೇಗೋ ನುಂಗಿಕೊಂಡೆ. ‘ಮ್ಯಾತ್ಯೂ’ ಯಾಕೆ? ಕನ್ನಡ ಬಯ್ಬಲ್ಲಿನಲ್ಲಿ ಮತ್ತಾಯ ಇದ್ದಾನಲ್ಲ?

ಹಾಸನದಿಂದ:

ಇದೊಂದು ಸರಿ.

ಚಿಕ್ಕಮಗಳೂರಿನಿಂದ:

ಅಚ್ಚಾಗಿಹೋಯಿತು ಸ್ವಾಮಿ.