ನಾರು ಕಡಿಮೆ ಇರುವ ಊಟ ಎಷ್ಟು ದಿನ? ನಮ್ಮ ಕಲಬುರಗಿ ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ಶರಣು. ಇಂದು ಸಂಜೆ ಆಹಾರ ತಜ್ಞೆ ಮೇಡಂ ನಮ್ಮೊಂದಿಗೆ ಇದ್ದಾರೆ. ಕರುಳಿನ ಆಪರೇಷನ್, ಬಾವು, ಭೇದಿ ಇವುಗಳಿಂದ ಚೇತರಿಸಿಕೊಳ್ಳುವವರಿಗೆ ಕೆಲವು ದಿನಗಳ ಮಟ್ಟಿಗೆ ಹೇಳುವ ನಾರು ಕಡಿಮೆಯ ಸಸ್ಯಾಹಾರದ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಸಂದೇಶಗಳು ಬೇಡ.

ಸೇಡಂ ರಸ್ತೆಯ ಸದಸ್ಯರು: ಮೇಡಂ, ದೊಡ್ಡ ಕರುಳಿನ ಬಾವಿಗೆ ಆಸ್ಪತ್ರೆಯಲ್ಲಿದ್ದೆ, ಮೊನ್ನೆ ಮನೆಗೆ ಬಂದೆ. ನಾರು ಕಡಿಮೆ ತಿನ್ನಿ ಎಂದಷ್ಟೇ ಹೇಳಿ ಕಳಿಸಿದರು. ಏನು ತಿನ್ನಲಿ? ಜೋಳದ ರೊಟ್ಟಿ ನಡೆಯುತ್ತದೆಯೇ?

ಆಹಾರ ತಜ್ಞೆ: ರೊಟ್ಟಿ ಸದ್ಯಕ್ಕೆ ಬೇಡ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ನಾರು ಇದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಿಮಗೆ ದಿನಕ್ಕೆ 10ರಿಂದ 15 ಗ್ರಾಂ ಮೀರಬಾರದು. ರೊಟ್ಟಿಯ ಜೊತೆ ಅಗಸಿ ಹಿಂಡಿಯೂ (ಅಗಸೆ ಬೀಜದ ಚಟ್ನಿಪುಡಿ) ಸೇರಿದರೆ ಇಡೀ ದಿನದ ಲೆಕ್ಕ ಒಂದೇ ಊಟಕ್ಕೆ ಮುಗಿಯುತ್ತದೆ. ಅನ್ನ, ಗಂಜಿ, ಸಾಬೂದಾಣಿ, ಈರುಳ್ಳಿ ಹಾಕದ ರವೆ ಉಪ್ಪಿಟ್ಟು, ಸಿಪ್ಪೆ ತೆಗೆದ ಆಲೂಗಡ್ಡೆ, ಸಿಪ್ಪೆ ಮತ್ತು ಬೀಜ ತೆಗೆದು ಮೆತ್ತಗೆ ಬೇಯಿಸಿದ ಸೋರೆಕಾಯಿ, ಹೆಸರುಬೇಳೆ ಕುದಿಸಿ ಸೋಸಿದ ಕಟ್ಟು, ಚೆನ್ನಾಗಿ ಕಳಿತ ಬಾಳೆಹಣ್ಣು ತಿನ್ನಿ. ಪುಂಡಿ ಪಲ್ಯ, ಬದನೆಕಾಯಿ, ಮೊಳಕೆ ಕಾಳು, ಪೇರಲ, ಅಂಜೂರ ಬೇಡ. ನೋವು ನಿಂತು ವೈದ್ಯರು ಒಪ್ಪಿದ ಮೇಲೆ ನಾರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಲೇಬೇಕು. ಎಂದಿನಿಂದ ಎಂದು ಮುಂದಿನ ಭೇಟಿಯಲ್ಲಿ ಕೇಳಿ, ದಿನಾಂಕ ಬರೆಸಿಕೊಳ್ಳಿ.

ಜೇವರ್ಗಿಯ ಸದಸ್ಯೆ: ತೆಳುವಾಗಿ ಬಡಿದ ರೊಟ್ಟಿ ಆಗಬಹುದೇ ಅಕ್ಕಾ?

ಆಹಾರ ತಜ್ಞೆ: ತೆಳುವಾದರೂ ಹಿಟ್ಟು ಅದೇ. ಬೇಡ.

ಆಳಂದದ ಸದಸ್ಯೆ: ಮೇಡಂ, ನಮ್ಮ ಮಾವನವರಿಗೆ 58 ವರ್ಷ. ಕರುಳಿನ ಟಿಬಿ ಆಗಿ ಕರುಳಿನ ದಾರಿ ಕಿರಿದಾಗಿತ್ತು. ಐದು ತಿಂಗಳ ಹಿಂದೆ ಆಪರೇಷನ್ ಮಾಡಿ ಸಣ್ಣ ಕರುಳಿನ ತುದಿಯ ಭಾಗ ತೆಗೆದರು. ನಾರಿಲ್ಲದ ಊಟ ಕೊಡಿ ಎಂದಿದ್ದರು. ಅಂದಿನಿಂದ ಗಂಜಿ, ಅನ್ನ, ಬೇಳೆಯ ತಿಳಿ, ಇಷ್ಟೇ. ಹೊಟ್ಟೆ ಕೆಡುತ್ತದೆ ಎಂದು ಹಾಲು ಮೊಸರೂ ಬಿಟ್ಟಿದ್ದಾರೆ. ತೂಕ ಬಹಳ ಇಳಿದಿದೆ. ನಾಲಿಗೆ ಕೆಂಪಾಗಿ ನುಣ್ಣಗಾಗಿದೆ, ಸಾರು ತಾಗಿದರೆ ಉರಿ. ಪಾದ ಜುಮ್ಮೆನ್ನುತ್ತದೆ. ನಿನ್ನೆ ಅಂಗಳದಲ್ಲಿ ಚಪ್ಪಲಿ ಕಳಚಿ ಬಿದ್ದರೂ ಅವರಿಗೆ ಗೊತ್ತಾಗದೆ ಹಾಗೆಯೇ ನಡೆದು ಬಂದರು. ಇನ್ನೂ ಏನು ಬಿಡಿಸಬೇಕು?

ಆಹಾರ ತಜ್ಞೆ: ಏನನ್ನೂ ಬಿಡಿಸಬೇಡಿ. ಮೊದಲು ಇದಕ್ಕೆ ಉತ್ತರಿಸಿ. ವಾಂತಿ, ಹೊಟ್ಟೆ ಉಬ್ಬರ, ಗಾಳಿ ಹೋಗದಿರುವುದು ಇದೆಯೇ? ಟಿಬಿ ಮಾತ್ರೆ ನಡೆಯುತ್ತಿದೆಯೇ? ಭೇದಿ ಹೇಗಿದೆ?

ಆಳಂದದ ಸದಸ್ಯೆ: ವಾಂತಿ, ಉಬ್ಬರ ಇಲ್ಲ. ಮಾತ್ರೆ ದಿನವೂ ಕೊಡುತ್ತೇವೆ. ದಿನಕ್ಕೆ ನಾಲ್ಕೈದು ಸಲ ನೀರಾಗಿ ಹೋಗುತ್ತದೆ, ಒಗ್ಗರಣೆ ಹೆಚ್ಚಾದ ದಿನ ಇನ್ನೂ ಜಾಸ್ತಿ. ಅದಕ್ಕೇ ಊಟ ಕಡಿಮೆ ಮಾಡುತ್ತಾ ಬಂದೆವು.

ಶಹಾಬಾದಿನ ಸದಸ್ಯರು: ಫಾರ್ವರ್ಡ್: ಔಡಲ ಎಣ್ಣೆ ಎರಡು ಚಮಚ ಬಿಸಿ ನೀರಿನಲ್ಲಿ ಮೂರು ದಿನ ಕುಡಿದರೆ ಕರುಳಿನ ಹಳೆಯ ಕೊಳೆಯೆಲ್ಲ ಹೊರಬರುತ್ತದೆ. ರಾತ್ರಿ ಇಸಬ್‌ಗೋಲ್. ಎಲ್ಲರಿಗೂ ಹಂಚಿ.

ಆಹಾರ ತಜ್ಞೆ: ಹಂಚಬೇಡಿ, ಅಳಿಸಿ. ಔಡಲ ಎಣ್ಣೆ ಕರುಳನ್ನು ಹಿಂಡುತ್ತದೆ. ಈಗಾಗಲೇ ನೀರಾಗಿ ಹೋಗುತ್ತಿರುವವರಿಗೆ ಅದನ್ನು ಕುಡಿಸಿದರೆ ಮೈಯಲ್ಲಿನ ನೀರು, ಉಪ್ಪು ಎರಡೂ ಹೋಗುತ್ತವೆ. ಇಸಬ್‌ಗೋಲ್ ಎಂದರೆ ನಾರೇ. ನೀರು ಕುಡಿದು ಉಬ್ಬುತ್ತದೆ, ದಾರಿ ಕಿರಿದಾದ ಕರುಳಿನಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳಬಹುದು. ಎರಡು ಗೆರೆ ಮೇಲೆ ಕಿರಿದಾದ ಕರುಳಿನ ಆಪರೇಷನ್ ಬಗ್ಗೆ ಒಬ್ಬರು ಬರೆದಿದ್ದಾರೆ. ಓದಿ ಹಾಕಿದಿರಾ?

ಆಳಂದದವರೇ, ನಿಮ್ಮ ಮಾವನವರ ತೊಂದರೆ ಊಟ ಹೆಚ್ಚಾಗಿ ಬಂದದ್ದಲ್ಲ. ಸಣ್ಣ ಕರುಳಿನ ತುದಿಯ ಭಾಗಕ್ಕೆ ಎರಡು ಕೆಲಸ ಇದೆ. ಬಿ12 ಜೀವಸತ್ವವನ್ನು ಹೀರುವುದು ಅಲ್ಲಿಯೇ. ಪಿತ್ತರಸದ ಆಮ್ಲವನ್ನು ಮರಳಿ ಹೀರುವುದೂ ಅಲ್ಲಿಯೇ. ಆ ಭಾಗ ಹೋದರೆ ಪಿತ್ತದ ಆಮ್ಲ ದೊಡ್ಡ ಕರುಳಿಗೆ ಇಳಿದು ನೀರು ಸುರಿಸುತ್ತದೆ, ಜಿಡ್ಡು ತಿಂದಾಗ ಹೆಚ್ಚು. ನೀವು ಹೇಳಿದ ಭೇದಿ ಇದಕ್ಕೆ ಹೊಂದುತ್ತದೆ, ಇದಕ್ಕೆ ಔಷಧಿಯೂ ಇದೆ. ಬಿ12 ಸಹಜವಾಗಿ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಕಾಳು, ಸೊಪ್ಪು, ಧಾನ್ಯದಿಂದ ಸಿಗುವುದಿಲ್ಲ. ಮಾಂಸ ತಿನ್ನದ ಮನೆ, ಈಗ ಹಾಲೂ ನಿಂತಿದೆ, ಮೇಲಾಗಿ ಹೀರುವ ಭಾಗವೇ ಇಲ್ಲ. ನುಣ್ಣಗಾದ ನಾಲಿಗೆ, ಜುಮ್ಮೆನ್ನುವ ಪಾದ, ಚಪ್ಪಲಿಯ ಅರಿವಿಲ್ಲದಿರುವುದು ನನಗೆ ಬಹಳ ಚಿಂತೆ ತಂದಿವೆ. ನರಕ್ಕೆ ಆಗುವ ಹಾನಿ ಬಹಳ ದಿನ ಬಿಟ್ಟರೆ ಪೂರ್ತಿ ವಾಸಿಯಾಗದೆ ಉಳಿಯಬಹುದು.

ಇನ್ನೊಂದು ಕಾರಣವೂ ಇರಬಹುದು. ಟಿಬಿ ಮಾತ್ರೆಯಲ್ಲಿರುವ ಐಸೋನಿಯಾಜಿಡ್‌ನಿಂದಲೂ ಪಾದ ಜುಮ್ಮೆನ್ನುತ್ತದೆ, ಅದಕ್ಕೆ ಬಿ6 ಕೊಡುತ್ತಾರೆ. ಇದನ್ನು ಓದಿ ಮಾತ್ರೆ ನಿಲ್ಲಿಸಿಬಿಡಬೇಡಿ, ಒಂದು ದಿನವೂ ತಪ್ಪಿಸಬೇಡಿ. ರಕ್ತಪರೀಕ್ಷೆಯಿಂದಲೇ ಬಿ12 ಮಟ್ಟ ತಿಳಿಯಬೇಕು. ಕಡಿಮೆ ಇದ್ದರೆ ಇಂಜೆಕ್ಷನ್ ಬೇಕಾಗುತ್ತದೆ. ಅಂಗಡಿಯಿಂದ ಬರೀ ಫೋಲಿಕ್ ಆಮ್ಲದ ಮಾತ್ರೆ ತಂದು ನುಂಗಿಸಬೇಡಿ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಆಪರೇಷನ್ ಆದ ಮೇಲೆ ನಾರು ಬೇಡ ಎಂದದ್ದು ಜೋಡಿಸಿದ ಜಾಗದ ಬಾವು ಇಳಿಯಲೆಂದು. ಸಾಮಾನ್ಯವಾಗಿ ಅದು ಕೆಲವು ವಾರಗಳ ಮಾತು. ಐದು ತಿಂಗಳು ಹೀಗೆಯೇ ಇರಿ ಎಂದು ಯಾರೂ ಹೇಳಿರಲಿಕ್ಕಿಲ್ಲ, ನಿಲ್ಲಿಸಿ ಎಂದು ಹೇಳುವವರೂ ಇರಲಿಲ್ಲ. ಬೇರೆ ಕಡೆ ಕಿರಿದಾದ ಭಾಗ ಉಳಿದಿಲ್ಲ ಎಂದು ಶಸ್ತ್ರವೈದ್ಯರು ಹೇಳಿದ ಮೇಲೆ ಒಂದೊಂದೇ ಪದಾರ್ಥ ಸೇರಿಸೋಣ, ಎರಡು ಮೂರು ದಿನ ನೋಡಿ ಮುಂದಿನದು. ಅಲ್ಲಿಯವರೆಗೆ ತಿಳಿಗೆ ಬದಲಾಗಿ ಸಿಪ್ಪೆಯಿಲ್ಲದ ಹೆಸರುಬೇಳೆಯನ್ನೇ ಕಿವುಚಿ ಕೊಡಿ. ತಿಳಿಗೆ ಪ್ರೋಟೀನ್ ಹೆಚ್ಚು ಇಳಿಯುವುದಿಲ್ಲ, ಬಹುಪಾಲು ಬೇಳೆಯಲ್ಲೇ ಉಳಿಯುತ್ತದೆ. ಸೋಯಾ ಹಾಲು, ತೋಫು ಸಿಕ್ಕರೆ ಕೊಡಿ. ನುಣ್ಣಗೆ ಅರೆದ ಶೇಂಗಾ ಒಂದು ಚಮಚದಿಂದ ಶುರು ಮಾಡಿ.

ಬೀದರಿನ ಸದಸ್ಯರು: ಸೋಯಾ ಯಾಕೆ? ಮಜ್ಜಿಗೆ ಕೊಟ್ಟರೆ ಎಲ್ಲ ಸರಿಯಾಗುತ್ತದೆ. ಹಾಲು ಬಿಟ್ಟದ್ದೇ ರೋಗಕ್ಕೆ ಮೂಲ.

ಜೇವರ್ಗಿಯ ಸದಸ್ಯೆ: ಅವರಿಗೆ ಹಾಲು ಒಗ್ಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರಲ್ಲ ಕಾಕಾ. ನಮ್ಮ ಮನೆಯಲ್ಲಿ ಯಾರೂ ಹಾಲು ಮುಟ್ಟುವುದಿಲ್ಲ, ಚೆನ್ನಾಗಿಯೇ ಇದ್ದೇವೆ.

ಬೀದರಿನ ಸದಸ್ಯರು: ಇದೆಲ್ಲ ಪೇಟೆಯ ಹೊಸ ಹುಚ್ಚು. ಮೇಲೆ ಬಿಳಿ ಅನ್ನ, ರವೆ! ಜೋಳ ತಿಂದ ನಮ್ಮ ಹಿರಿಯರಿಗೆ ಯಾವ ಕರುಳಿನ ರೋಗ ಇತ್ತು?

ಚಿತ್ತಾಪುರದ ಸದಸ್ಯರು: ಇತ್ತು. ನಮ್ಮ ಅಜ್ಜ ಹೊಟ್ಟೆನೋವಿನಿಂದಲೇ ತೀರಿಕೊಂಡರು. ಯಾವ ರೋಗ ಎಂದು ಹೇಳುವವರು ಇರಲಿಲ್ಲ, ಅಷ್ಟೇ.

ಆಹಾರ ತಜ್ಞೆ: ಜೋಳವನ್ನು ಯಾರೂ ಬೈದಿಲ್ಲ. ಆರೋಗ್ಯವಂತರು ದಿನವೂ ತಿನ್ನಲಿ, ನಾನೂ ತಿನ್ನುತ್ತೇನೆ. ಮಜ್ಜಿಗೆ ಕೆಲವರಿಗೆ ಒಗ್ಗುತ್ತದೆ, ಅದರಿಂದ ಇವರ ಬಿ12 ಸರಿಯಾಗುವುದಿಲ್ಲ. ಜೇವರ್ಗಿಯವರೇ, ಹಾಲು ಮುಟ್ಟದ ನಿಮ್ಮ ಮನೆಯವರೂ ಬಿ12 ಪರೀಕ್ಷೆ ಮಾಡಿಸಿಕೊಳ್ಳಿ.

ಯಾದಗಿರಿಯ ಸದಸ್ಯೆ: ಮುಂದಿನ ವಾರ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕೊಳವೆ ಬಿಟ್ಟು ನೋಡುವ ಪರೀಕ್ಷೆ) ಇದೆ, ಇದೇ ಊಟವೇ?

ಆಹಾರ ತಜ್ಞೆ: ಸಾಮಾನ್ಯವಾಗಿ ಎರಡು ಮೂರು ದಿನ ಮುಂಚೆ ಇದೇ, ಹಿಂದಿನ ದಿನ ತಿಳಿ ದ್ರವ ಮಾತ್ರ. ಬೀಟ್‌ರೂಟ್, ದಾಳಿಂಬೆ ರಸ ಬೇಡ. ನಿಮಗೆ ಕೊಟ್ಟ ಚೀಟಿಯಲ್ಲಿ ಇರುವುದೇ ಅಂತಿಮ.

ಚಿಂಚೋಳಿಯ ಸದಸ್ಯರು: ನನಗೆ ಸಕ್ಕರೆ ಕಾಯಿಲೆ ಇದೆ, ಇಷ್ಟು ಅನ್ನ ತಿಂದರೆ ಹೇಗೆ? ಇನ್ಸುಲಿನ್ ಹೆಚ್ಚಿಸಲೇ?

ಶಹಾಬಾದಿನ ಸದಸ್ಯರು: ನಾನು ಒಳ್ಳೆಯದಕ್ಕೇ ಹಾಕಿದ್ದೆ. ಎಲ್ಲರ ಎದುರು ಹೀಗೆ ಅನ್ನಬಾರದಿತ್ತು.

ಆಹಾರ ತಜ್ಞೆ: ಎಲ್ಲರ ಎದುರೇ ಹಾಕಿದಿರಿ. ಓದಿದ ಒಬ್ಬರು ಇಂದು ರಾತ್ರಿ ಕುಡಿಸಿದ್ದರೆ?

ಕಲಬುರಗಿಯ ಸದಸ್ಯೆ: ಎಳ್ಳ ಅಮವಾಸ್ಯೆ ಹತ್ತಿರ ಬಂತು. ನಮ್ಮವರಿಗೆ ಹೋದ ವಾರವಷ್ಟೇ ಕರುಳಿನ ಆಪರೇಷನ್ ಆಗಿದೆ. ಹೊಲದಲ್ಲಿ ಸೊಪ್ಪು, ಹಸಿ ಕಾಳಿನ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಸ್ವಲ್ಪ?

ಆಹಾರ ತಜ್ಞೆ: ಬೇಡ. ಸೊಪ್ಪು, ಹಸಿ ಕಾಳು, ಸಜ್ಜೆ ಎಲ್ಲವೂ ನಾರೇ. ಹೊಲಕ್ಕೆ ಕರೆದುಕೊಂಡು ಹೋಗಿ, ಮೆತ್ತಗಿನ ಅನ್ನ ಕಟ್ಟಿಕೊಂಡು ಹೋಗಿ.

ಬೀದರಿನ ಸದಸ್ಯರು: ಹಬ್ಬಕ್ಕೂ ಬೇಡವೇ!

ನಿರ್ವಾಹಕರು: ಕಾಕಾ, ಸಾಕು ಮಾಡಿ.

ಆಳಂದದ ಸದಸ್ಯೆ: ಮೇಡಂ, ನಾಳೆ ಬೆಳಗಿನ ಬಸ್ಸಿಗೆ ಕಲಬುರಗಿಗೆ ಕರೆದುಕೊಂಡು ಬರುತ್ತೇವೆ. ಏನೇನು ತರಲಿ?

ಆಹಾರ ತಜ್ಞೆ: ಡಿಸ್ಚಾರ್ಜ್ ಪತ್ರ ತನ್ನಿ. ಎಷ್ಟು ಸೆಂಟಿಮೀಟರ್ ಕರುಳು ತೆಗೆದರು ಎಂದು ಅದರಲ್ಲಿ ಇರುತ್ತದೆ, ವೈದ್ಯರಿಗೆ ಅದನ್ನು ಮೊದಲು ತೋರಿಸಿ. ಎಲ್ಲ ಮಾತ್ರೆಗಳ ಪಟ್ಟಿಯನ್ನೂ ತನ್ನಿ. ಟಿಬಿ ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬರುತ್ತದೆ, 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಖಾತೆಗೆ ಬರುತ್ತಿಲ್ಲವಾದರೆ ಮಾತ್ರೆ ಕೊಡುವ ಕೇಂದ್ರದಲ್ಲಿ ಕೇಳಿ. ದಾರಿಯಲ್ಲಿ ವಾಂತಿ ಶುರುವಾಗಿ ಹೊಟ್ಟೆ ಉಬ್ಬಿದರೆ ಸರದಿಗೆ ಕಾಯದೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ. ಪತ್ರದ ಫೋಟೋವನ್ನು ಈ ಗುಂಪಿನಲ್ಲಿ ಹಾಕಬೇಡಿ, ನನಗೆ ಮಾತ್ರ ಕಳಿಸಿ.

ಅಫಜಲಪುರದ ಸದಸ್ಯರು: ತಡವಾಗಿ ಸೇರಿದೆ. ಜೋಳದ ರೊಟ್ಟಿ ತಿನ್ನಬಹುದೇ ಮೇಡಂ?

ಆಹಾರ ತಜ್ಞೆ: ಮೇಲೆ ಓದಿ.