ಲಾರಿಗೆ ಮೈಲೇಜ್ ಡಬ್ಬಿ ಹಾಕಿಸಿದವರು ಇದ್ದೀರಾ?

ಕೂಳೂರಿನಿಂದ, ಪ್ರಶ್ನೆ

ನನ್ನದು 2021ರ ಆರು ಚಕ್ರದ ಲಾರಿ, ಬಿಎಸ್6 (ಈಗಿನ ಹೊಗೆ ನಿಯಮದ್ದು). ಮಂಗಳೂರಿನ ಪಣಂಬೂರಿನಿಂದ ಬೆಂಗಳೂರಿಗೆ ಲೋಡ್, ಬರುವಾಗ ಸಿಕ್ಕಿದ್ದು. ಲೀಟರಿಗೆ ಐದು ಕಿಲೋಮೀಟರಿನ ಹತ್ತಿರ ಇದ್ದ ಮೈಲೇಜ್ ನಾಲ್ಕು ತಿಂಗಳಿಂದ ನಾಲ್ಕೂವರೆಗೆ ಬಂದು ನಿಂತಿದೆ. ಒಬ್ಬರು ಡೀಸೆಲ್ ಪೈಪಿಗೆ ಆಯಸ್ಕಾಂತ ಕಟ್ಟಿಸಿ ಅಂತಾರೆ. ಇನ್ನೊಬ್ಬರು ಇಂಜಿನಿನ ಕಂಪ್ಯೂಟರಿಗೆ ಚಿಪ್ ಹಾಕಿಸಿ ಅಂತಾರೆ. ಬಾಡಿ ಕಟ್ಟುವವರು ಕ್ಯಾಬಿನ್ ಮೇಲೆ ಗಾಳಿ ಸರಿಸುವ ವಿಂಡ್ ಡಿಫ್ಲೆಕ್ಟರ್ ಕೂರಿಸಿ ಅಂತಾರೆ. ಎಲ್ಲರೂ ಗ್ಯಾರಂಟಿ ಕೊಡುವವರೇ. ಹಾಕಿಸಿ ನೋಡಿದವರು ಇದ್ದರೆ ಹೇಳಿ. ಯಾವುದಕ್ಕೆ ದುಡ್ಡು ಹಾಕಬಹುದು?

ಬೈಕಂಪಾಡಿಯಿಂದ, ಎರಡು ಲಾರಿ

ಅಣ್ಣ, ಆ ಆಯಸ್ಕಾಂತಕ್ಕೆ 3,500 ರೂಪಾಯಿ ಕೊಟ್ಟವನು ನಾನೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ನನಗೆ ಅದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಡೀಸೆಲ್ ಪೈಪಿನ ಆಚೆ ಈಚೆ ಎರಡು ಕಪ್ಪು ಡಬ್ಬಿ ಇಟ್ಟು ಟೈ ಹಾಕಿ ಬಿಗಿದರು. "ಮಂಗಳೂರಿಗೆ ಹೋಗಿ ಲೆಕ್ಕ ಹಾಕಿ, ಆಮೇಲೆ ಮಾತಾಡಿ" ಅಂದರು. ಬೈಕಂಪಾಡಿ ಬಂಕಿಗೆ ಬಂದು ಟ್ಯಾಂಕ್ ತುಂಬಿಸಿದರೆ 5.7! ನಾನು ಅದುವರೆಗೆ ಹೋಗಿ ಬಂದು ಒಟ್ಟಿಗೆ ಲೆಕ್ಕ ಹಾಕುತ್ತಿದ್ದವನು, ಅದು ಯಾವಾಗಲೂ ಐದು. ಖುಷಿಯಲ್ಲಿ ಇನ್ನೊಂದು ಗಾಡಿಗೂ ತರಿಸಲು ಹೇಳಿಬಿಟ್ಟೆ. ಮುಂದಿನ ಟ್ರಿಪ್ ರಸಗೊಬ್ಬರ ತುಂಬಿಸಿ ಮೇಲೆ ಹೋದಾಗ 4.4. ಎರಡೂ ಸೇರಿಸಿದರೆ ಮತ್ತದೇ ಐದು. ಮೊದಲ ಸಲ ಜಾಸ್ತಿ ಬಂದದ್ದು ಶಿರಾಡಿ ಘಾಟಿ ಇಳಿದದ್ದಕ್ಕೆ, ಮಾರಾಯ್ರೆ. ಆ ಡಬ್ಬಿಯವರು ಬೆಂಗಳೂರಿನಲ್ಲಿ ಅಂಗಡಿ ಇಟ್ಟದ್ದು ಯಾಕೆ ಅಂತ ಈಗ ಗೊತ್ತಾಯಿತು.

ನನ್ನ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದ. ಘಾಟಿಯ ಮೇಲಿನ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲೆ ಉಂಟು. ಲೋಡ್ ಸೇರಿ 16 ಟನ್ ಇರುವ ಗಾಡಿಯನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಸುಮಾರು 10 ಲೀಟರ್ ಡೀಸೆಲ್ ಬೇಕು. ರಸ್ತೆ, ಗಾಳಿ, ಟೈರಿನ ಖರ್ಚು ಬೇರೆ. ಬೆಂಗಳೂರೂ ಅಷ್ಟೇ ಎತ್ತರದಲ್ಲಿರುವುದರಿಂದ ಹೋಗುವಾಗ ಆ ಡೀಸೆಲ್ ವಾಪಸ್ ಸಿಗುವುದಿಲ್ಲ. ಬರುವಾಗ ಸ್ವಲ್ಪ ಸಿಗುತ್ತದೆ. ಯಾವ ಡಬ್ಬಿ ಕಟ್ಟಿದರೂ ಈ 10 ಲೀಟರ್ ಕಡಿಮೆ ಆಗುವುದಿಲ್ಲ.

ಸಿಟ್ಟಿನಲ್ಲಿ ಒಂದು ದಿನ ಡಬ್ಬಿ ಒಡೆದೆ. ಸ್ಪೀಕರಿನ ಹಿಂದೆ ಇರುತ್ತದಲ್ಲ, ಅಂಥದೇ ಎರಡು ತುಂಡು. ಸುತ್ತ ಟಾರಿನ ಹಾಗೆ ಕಪ್ಪು ಅಂಟು. ಈಗ ಅದನ್ನು ಗ್ಯಾರೇಜಿನ ಹುಡುಗ ಕೆಳಗೆ ಬಿದ್ದ ನಟ್ಟು ಹೆಕ್ಕಲಿಕ್ಕೆ ಇಟ್ಟುಕೊಂಡಿದ್ದಾನೆ. ಆ ಕೆಲಸ ಚೆನ್ನಾಗಿ ಮಾಡುತ್ತದೆ.

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಸಾಮಾನುಗಳನ್ನು ನೋಡಿದೆ. ಹೆಚ್ಚಿನವುಗಳಿಂದ ಏನೂ ಪ್ರಯೋಜನ ಕಾಣಲಿಲ್ಲ. ನೀರಿನಿಂದ ಹೈಡ್ರೋಜನ್ ಮಾಡಿ ಇಂಜಿನಿಗೆ ಬಿಡುವ ಕಿಟ್ಟೂ ಅದೇ ಸಾಲಿನದ್ದು. ನೀರು ಒಡೆಯಲಿಕ್ಕೆ ಕರೆಂಟ್ ಬೇಕು. ಕರೆಂಟ್ ಬರುವುದು ಆಲ್ಟರ್ನೇಟರಿನಿಂದ. ಅದನ್ನು ತಿರುಗಿಸುವುದು ನಿಮ್ಮದೇ ಡೀಸೆಲ್ ಅಲ್ವಾ?

ಈಗ ನಿಮ್ಮ ವಿಷಯ. ಐದು ಇದ್ದದ್ದು ನಾಲ್ಕೂವರೆ ಆಯಿತು ಅಂದರೆ ಗಾಡಿಯಲ್ಲಿ ಏನೋ ಕೆಟ್ಟಿದೆ. ಹೊಸದು ಸೇರಿಸುವ ಮೊದಲು ಕೆಟ್ಟದ್ದನ್ನು ಹುಡುಕಿ. ಮೊದಲು ಬ್ರೇಕ್. ಘಾಟಿ ಇಳಿದ ಕೂಡಲೇ ನೋಡಬೇಡಿ, ಆಗ ಎಲ್ಲಾ ಬ್ರೇಕ್ ಡ್ರಮ್ಮೂ ಕಾದಿರುತ್ತದೆ. ಬಿ.ಸಿ.ರೋಡ್ ದಾಟಿದ ಮೇಲೆ ಆದಷ್ಟು ಬ್ರೇಕ್ ಒತ್ತದೆ ಬನ್ನಿ. ಬೈಕಂಪಾಡಿಗೆ ಮುಟ್ಟಿ ಇಳಿದವರೇ ಪ್ರತಿ ಚಕ್ರದ ಹಬ್ಬಿನ (ನಡುಭಾಗದ) ಹತ್ತಿರ ಅಂಗೈಯ ಹಿಂಭಾಗ ಹಿಡಿಯಿರಿ, ತಾಗಿಸಬೇಡಿ. ಎಲ್ಲಾ ಒಂದೇ ಥರ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ರೊಟ್ಟಿ ಕಾವಲಿ ಹಾಗೆ ಉರಿದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಇಲ್ಲಾ ಬೇರಿಂಗ್ ಬಿಗಿ. ಬ್ರೇಕಿನ ಲೈನರ್ ಹಿಡಿದುಕೊಂಡೇ ಗಾಡಿ ಓಡುತ್ತಾ ಇರುತ್ತದೆ, ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ನನ್ನ ಹಳೇ ಗಾಡಿಯಲ್ಲಿ ಬ್ರೇಕಿನ ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಸರಿ ಮಾಡಿಸಿದ ಮೇಲೆ ಬಂದ ಮೈಲೇಜ್ ಬೇರೆ ಯಾವುದರಿಂದಲೂ ಬರಲಿಲ್ಲ.

ಆಮೇಲೆ ಟೈರ್. ಜೋಡಿ ಟೈರಿನಲ್ಲಿ ಒಳಗಿನದ್ದರ ಗಾಳಿಯನ್ನು ಯಾರೂ ನೋಡುವುದಿಲ್ಲ. ಕ್ಲೀನರ್ ಸುಮ್ನೆ ರಾಡಿನಲ್ಲಿ ಬಡಿದು "ಸರಿ ಉಂಟು" ಅಂತಾನೆ. ಗೇಜ್ ಹಿಡಿದರೆ ಇಪ್ಪತ್ತು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಕಮ್ಮಿ. ಎಲ್ಲಾ ಟೈರಲ್ಲೂ 10 ಪಿಎಸ್‌ಐ ಕಡಿಮೆಯಾದರೆ ಡೀಸೆಲ್ ಸುಮಾರು ಶೇಕಡಾ 1 ಜಾಸ್ತಿ ಹೋಗುತ್ತದೆ ಅಂತ ಟೈರಿನವರ ಲೆಕ್ಕ. ಟೈರ್ ಬೇಗ ಸವೆಯುವುದು ಬೇರೆ. ಇಂಜಿನಿಗೆ ಗಾಳಿ ಒತ್ತುವ ಟರ್ಬೊ ಪೈಪಿನಲ್ಲಿ ಬಿರುಕು ಉಂಟಾ, ಅದನ್ನೂ ನೋಡಿಸಿ. ಏರುವಾಗ ಸುಂಯ್ ಅಂತ ಸದ್ದು ಬಂದು ಎಳೆತ ಕಡಿಮೆಯಾದರೆ ಅದೇ.

ಡ್ರೈವರ್ ವಿಷಯ ಹೇಳಲೇಬೇಕು. ನಾನು ಮೂರು ತಿಂಗಳ ಸರಾಸರಿ ತೆಗೆದು, ಅದಕ್ಕಿಂತ ಮೇಲೆ ಉಳಿದ ಡೀಸೆಲಿನ ದುಡ್ಡಿನಲ್ಲಿ ಅರ್ಧ ಡ್ರೈವರಿಗೆ ಅಂತ ಮಾಡಿದೆ. ಇಂಜಿನ್ ವೇಗದ ಮೀಟರಿನ ಹಸಿರು ಪಟ್ಟಿಯಲ್ಲಿ ಮುಳ್ಳು ಇಟ್ಟು ಓಡಿಸುವುದು ತನ್ನಷ್ಟಕ್ಕೇ ಶುರುವಾಯಿತು. ಊಟಕ್ಕೆ ನಿಲ್ಲಿಸಿದರೆ ಇಂಜಿನ್ ಬಂದ್. ಚಿಪ್ಪಿಗೆ ಹಾಕುವ ದುಡ್ಡು ಇಲ್ಲಿ ಹಾಕಿ.

ಮಲ್ಪೆಯಿಂದ, ಮೀನಿನ ಗಾಡಿ

ಡಿಫ್ಲೆಕ್ಟರ್ ಬಗ್ಗೆ ನನ್ನ ಅನುಭವ ಬೇರೆ. ನಾವು ಓಡುವುದು ಕೊಚ್ಚಿಗೆ, ಹೆದ್ದಾರಿ 66ರಲ್ಲಿ, ಹೆಚ್ಚುಕಡಿಮೆ ಸಮ ರಸ್ತೆ. ಪೆಟ್ಟಿಗೆ ಕ್ಯಾಬಿನಿಗಿಂತ ಎರಡಡಿ ಎತ್ತರ. ಗಾಳಿ ಸೀದಾ ಬಂದು ಆ ಗೋಡೆಗೆ ಬಡಿಯುತ್ತದೆ. ಡಿಫ್ಲೆಕ್ಟರ್ ಕೂರಿಸಿದ ಮೇಲೆ ಲೀಟರಿಗೆ ಅರ್ಧ ಕಿಲೋಮೀಟರಿನ ಒಳಗೆ ಏನೋ ಸಿಕ್ಕಿತು. ಡಬ್ಬಿಯವರು ಹೇಳುವಷ್ಟು ಅಲ್ಲ, ಆದರೆ ಸಿಕ್ಕಿದ್ದು ನಿಜ. ಅದರ ಮೇಲ್ತುದಿ ಪೆಟ್ಟಿಗೆಯ ಎತ್ತರಕ್ಕೆ ಸರಿಯಾಗಿ ಬರಬೇಕು. ಸುಮ್ನೆ ಚಂದಕ್ಕೆ ಕೂರಿಸಿದರೆ ಭಾರ ಮಾತ್ರ.

ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 60ರಲ್ಲಿ ಓಡುವ ಗಾಡಿ 80ಕ್ಕೆ ಹೋದರೆ ತಡೆ ಮುಕ್ಕಾಲು ಪಾಲು ಜಾಸ್ತಿ. ನಮಗೆ ಮೀನು ಹಾಳಾಗುವ ಹೆದರಿಕೆ, ನಿಧಾನ ಹೋಗಲಿಕ್ಕಾಗುವುದಿಲ್ಲ. ನಿಮ್ಮದು ಗೊಬ್ಬರ, ಸಿಮೆಂಟ್ ಆದರೆ ಹತ್ತು ಕಿಲೋಮೀಟರ್ ವೇಗ ಕಡಿಮೆ ಮಾಡಿ, ಡಿಫ್ಲೆಕ್ಟರ್ ಬೇಡ. ಘಾಟಿಯಲ್ಲಿ 20ರಲ್ಲಿ ಏರುವಾಗ ಅದಕ್ಕೆ ಕೆಲಸವೇ ಇಲ್ಲ. ತೆರೆದ ಬಾಡಿಯಾದರೆ ಟರ್ಪಾಲನ್ನು ಪಟಪಟ ಬಡಿಯದ ಹಾಗೆ ಎಳೆದು ಕಟ್ಟಿಸಿ, ಅದೂ ಗಾಳಿ ಹಿಡಿಯುತ್ತದೆ.

ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ನಾವು ಬೇರೆ ಲೋಡ್ ಹೊಡೆಯುತ್ತೇವೆ. ಆ ಎರಡು ತಿಂಗಳ ಮೈಲೇಜನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರ್ಕಳದಿಂದ, ಹಳೇ ಟಾಟಾ 407

ನನಗಂತೂ ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ ಬಂತು. ಪಂಪ್, ನೋಝಲ್ ಬಿಚ್ಚಿಸಿ ಟೆಸ್ಟ್ ಬೆಂಚಿಗೆ ಹಾಕಿಸಿದ ಮೇಲೆ. ಎಲ್ಲವೂ ಮೋಸ ಅನ್ನಬೇಡಿ.

ಕುಂದಾಪುರದಿಂದ, ಪಂಪ್ ಕೆಲಸ ಮಾಡುವವನು

407ನವರು ಮಾಡಿಸಿದ್ದು ರಿಪೇರಿ. ನೋಝಲ್ ಸವೆದು ಡೀಸೆಲ್ ಹನಿಯುತ್ತಿತ್ತು, ಈಗ ಹೊಗೆಯ ಹಾಗೆ ಸಿಂಪಡಿಸುತ್ತದೆ. ಅದರಿಂದ ಮೈಲೇಜ್ ಬರಲೇಬೇಕು. ಚಿಪ್ ಬೇರೆ.

ಅಗ್ಗದ ಚಿಪ್ ಡಬ್ಬಿಗಳಲ್ಲಿ ಹೆಚ್ಚಿನವು ಮಾಡುವುದು ಇಷ್ಟೇ: ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಡೀಸೆಲಿನ ಒತ್ತಡ) ಕಡಿಮೆ ಉಂಟು ಅಂತ ಇಂಜಿನಿನ ಕಂಪ್ಯೂಟರ್ ಇಸಿಎಮ್‌ಗೆ ಸುಳ್ಳು ಹೇಳುವುದು. ಇಸಿಎಮ್ ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ, ಎಳೆತ ಜಾಸ್ತಿ ಬರುತ್ತದೆ. ಡ್ರೈವರ್ ಒಂದು ಗೇರ್ ಮೇಲೆ ಇಟ್ಟು ಮೆಲ್ಲ ಓಡಿಸಿದರೆ ಸ್ವಲ್ಪ ಉಳಿಯಬಹುದು. ಆದರೆ ಎಳೆತ ಸಿಕ್ಕಿದ ಮೇಲೆ ಮೆಲ್ಲ ಓಡಿಸುವ ಡ್ರೈವರನ್ನು ನಾನು ನೋಡಿಲ್ಲ. ಬಿಎಸ್6 ಗಾಡಿಯಲ್ಲಿ ಹೊಗೆ ಜಾಸ್ತಿಯಾದರೆ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಅದನ್ನು ಸುಟ್ಟು ಖಾಲಿ ಮಾಡಲಿಕ್ಕೆ ಗಾಡಿ ಮತ್ತೆ ಡೀಸೆಲನ್ನೇ ಉರಿಸುತ್ತದೆ. ಘಾಟಿಯಲ್ಲಿ ಫುಲ್ ಲೋಡಿನಲ್ಲಿ ಎಕ್ಸಾಸ್ಟ್ ಬಿಸಿ ಏರಿ ಪಿಸ್ಟನ್ ತಲೆ ಕರಗಿದ್ದು ನನ್ನ ಬೆಂಚಿಗೇ ಬಂದಿತ್ತು. ಹೊಗೆ ಶುದ್ಧ ಮಾಡಲಿಕ್ಕೆ ಹೋಗುವ ಯೂರಿಯಾವನ್ನು ಬಂದ್ ಮಾಡುವ ಡಬ್ಬಿಯೂ ಮಾರುತ್ತಾರೆ. ಅದರಲ್ಲಿ ಉಳಿಯುವುದು ಯೂರಿಯಾ, ಡೀಸೆಲ್ ಅಲ್ಲ.

ಕಾನೂನೂ ಉಂಟು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ವಾರಂಟಿ ಹೋಗುವುದು ಬೇರೆ.

ಇನ್ನೊಂದು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಅಂತ ಹಳೇ ಡ್ರೈವರುಗಳ ನಂಬಿಕೆ. ಈಗಿನ ಇಂಜಿನಿನಲ್ಲಿ ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ಬಂದ್ ಆಗುತ್ತದೆ. ನ್ಯೂಟ್ರಲಿನಲ್ಲೇ ಡೀಸೆಲ್ ಹೋಗುವುದು. ಶಿರಾಡಿಯಲ್ಲಿ ಬ್ರೇಕ್ ಕಾದು ಹೋದರೆ ಮತ್ತೆ ಮೈಲೇಜ್ ಲೆಕ್ಕ ಹಾಕಲಿಕ್ಕೆ ನೀವು ಇರಬೇಕಲ್ಲ.

ಸುರತ್ಕಲ್‌ನಿಂದ

ಮುಂಬೈ ಕಡೆ ಹೋಗುವವರಿಗೆ ಮಾತ್ರ. ಕೊಂಕಣ ರೈಲ್ವೆಯ ರೋರೋದಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡಿನಲ್ಲಿ ಇಳಿಸಿದ್ದೇನೆ. ಅಷ್ಟು ದೂರಕ್ಕೆ ಡೀಸೆಲ್ ಸೊನ್ನೆ. ಇದಕ್ಕಿಂತ ಒಳ್ಳೆಯ ಮೈಲೇಜ್ ಡಬ್ಬಿ ನಾನು ನೋಡಿಲ್ಲ. ಕ್ಯಾಬಿನಿನಲ್ಲಿ ಮಲಗಿ ಸುರಂಗ ಎಣಿಸಿದ್ದೇ ಕೆಲಸ.

ಬೈಕಂಪಾಡಿಯಿಂದ, ಮತ್ತೆ

ಒಂದು ಹೇಳಲು ಮರೆತೆ. ಏನೇ ಹಾಕಿಸಿದರೂ ಒಂದು ಸಲಕ್ಕೆ ಒಂದೇ ಹಾಕಿಸಿ. ಅದೇ ಬಂಕ್, ಅದೇ ಪಂಪ್, ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ ಬಾಯಿ ಮಟ್ಟಕ್ಕೆ ತುಂಬಿಸಿ. ಹೋಗಿ ಬಂದು, ಅದೂ ಮೂರು ಸಲ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಉಂಟಾ ಅಂತಲೂ ನೋಡಿ. ಯಾರ ಮೇಲೂ ಸಂಶಯ ಪಟ್ಟು ಹೇಳುವುದಲ್ಲ.

ಕೂಳೂರಿನಿಂದ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಗಾಡಿ ಬಂತು. ಹಿಂದಿನ ಎಡಗಡೆ ಹಬ್ಬಿನ ಹತ್ತಿರ ಕೈ ಹಿಡಿಯಲಿಕ್ಕೇ ಆಗಲಿಲ್ಲ, ಸುಟ್ಟ ಲೈನರಿನ ವಾಸನೆ ಬೇರೆ. ಬಲಗಡೆಯದ್ದು ಬರೀ ಬೆಚ್ಚಗೆ. ಒಳಗಿನ ಎರಡು ಟೈರಿನಲ್ಲಿ ಗಾಳಿ ಕಮ್ಮಿ. ಇವತ್ತು ಡ್ರಮ್ ಬಿಚ್ಚಿದ್ದಾರೆ. ಆಯಸ್ಕಾಂತದವರಿಗೆ ಫೋನ್ ಮಾಡಿ ಬೇಡ ಅಂದೆ. ಅರ್ಧ ರೇಟಿಗೆ ಕೊಡುತ್ತಾರಂತೆ. ಮೂರು ಟ್ರಿಪ್ ಆದ ಮೇಲೆ ಲೆಕ್ಕ ಇಲ್ಲೇ ಹಾಕುತ್ತೇನೆ.